ಆಡು ಬಿತ್ತಿದ ಜಾಲಿ

ಹೂಡೆ ಎಂಬ ಊರಿನಲ್ಲಿ ಕಡಲ ಬದಿ ಮನೆ ಮಾಡಿದವರಿಗೆ ಬೇಸಿಗೆಯ ಕಷ್ಟ ಎಂತದು ಅಂತ ಬೇರೆಯವರು ಹೇಳಬೇಕಾಗಿಲ್ಲ. ಮಧ್ಯಾಹ್ನ ಗಾಳಿ ಎದ್ದಿತೆಂದರೆ ಮರಳೂ ಎದ್ದಿತು. ಆಸ್ಯಾಳ ಮನೆಯಲ್ಲಂತೂ ಚಾಪೆಯಲ್ಲಿ ಮರಳು, ಹಾಸಿಗೆಯಲ್ಲಿ ಮರಳು, ಬಾವಿಯಿಂದ ಸೇದಿದ ಕೊಡದ ತಳದಲ್ಲೂ ಮರಳು. ಅವಳ ಅತ್ತೆ ನಫೀಸಮ್ಮ ಊಟಕ್ಕೆ ಕೂತು, ಹಲ್ಲಿನಲ್ಲಿ ಕರಕ್ ಎಂದ ಕೂಡಲೇ, "ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಮಗಳೇ. ಮರಳು ಮಾತ್ರ ಸರಿಯಾಗಿ ಉಂಟು" ಎನ್ನುತ್ತಿದ್ದರು.

ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಆಸ್ಯಾಳ ಗಂಡ ಶೇಕಬ್ಬ ಗಲ್ಫಿನಿಂದ ರಜೆಯಲ್ಲಿ ಬಂದ. ಪೆಟ್ಟಿಗೆಯಲ್ಲಿ ಅತ್ತರು, ಕಂಬಳಿ, ಒಂದು ಟೇಪ್ ರೆಕಾರ್ಡರ್. ಎಲ್ಲದರ ಅಡಿಯಲ್ಲಿ ಒಂದು ಬಟ್ಟೆಯ ಚೀಲ. ಅದರೊಳಗೆ ಒಣಗಿದ ಹಳದಿ ಕೋಡುಗಳು, ನಮ್ಮ ಅಲಸಂದೆಯ ಹಾಗೆ.

"ಇದು ಎಂತ?" ಎಂದಳು ಆಸ್ಯಾ.

"ನಮ್ಮ ಮರಳಿಗೆ ಮದ್ದು!" ಶೇಕಬ್ಬ ಕೋಡನ್ನು ಬೆಳಕಿಗೆ ಹಿಡಿದ. "ಅಲ್ಲಿ ಮರಳುಗಾಡಿನಲ್ಲಿ ರಸ್ತೆ ಬದಿಗೆ ಇದನ್ನೇ ನೆಟ್ಟಿದ್ದಾರೆ. ಮಳೆ ಇಲ್ಲ, ನೀರು ಇಲ್ಲ, ಆದರೂ ಹಸಿರೇ ಹಸಿರು. ಮಧ್ಯಾಹ್ನ ಕೆಲಸ ಬಿಟ್ಟು ನಾವು ಊಟ ಮಾಡುವುದೇ ಅದರ ನೆರಳಿನಲ್ಲಿ. ಅಲ್ಲಿ ಕೂತಾಗೆಲ್ಲ ನನಗೆ ನಿನ್ನ ಈ ಅಂಗಳ ನೆನಪಾಗುತ್ತಿತ್ತು."

ಆ ಮಾತಿಗೆ ಆಸ್ಯಾ ನಾಚಿದಳು. ಕಡಲಾಚೆ ಬಿಸಿಲಿನಲ್ಲಿ ಕೂತವನು ತನ್ನ ಅಂಗಳವನ್ನು ನೆನೆದನಲ್ಲ!

ಇಬ್ಬರೂ ಸೇರಿ ಬೇಲಿಯ ಉದ್ದಕ್ಕೂ ಬೀಜ ಊರಿದರು. ಉಳಿದ ಕೋಡುಗಳ ಚೀಲವನ್ನು ಜಗಲಿಯ ಗೂಟಕ್ಕೆ ತೂಗುಹಾಕಿದರು. ಶೇಕಬ್ಬ ರಜೆ ಮುಗಿಸಿ ಹೊರಟ ಮೇಲೆ ಒಂದು ದಿನ ಆಸ್ಯಾಳ ಆಡು ಮುಂಗಾಲೆತ್ತಿ ನಿಂತು ಚೀಲವನ್ನೇ ಎಳೆದು ಹಾಕಿ, ಕೋಡುಗಳನ್ನೆಲ್ಲ ತಿಂದು, ಚೀಲದ ಅರ್ಧವನ್ನೂ ಮುಗಿಸಿತು. ಕೋಡು ಬೆಲ್ಲದ ಹಾಗೆ ಸಿಹಿಯಂತೆ. ನಫೀಸಮ್ಮ ಕೋಲು ಹಿಡಿದು ಬರುವಾಗ ಅದು ತುಟಿ ನೆಕ್ಕುತ್ತಾ ಕಡಲ ಬದಿಗೆ ನಡೆದಾಗಿತ್ತು.

ಮಳೆಗಾಲ ಬಂತು. ಬೇಲಿಯ ಬದಿಯಲ್ಲಿ ಊರಿದ ಬೀಜದಲ್ಲಿ ಒಂದೂ ಮೊಳೆಯಲಿಲ್ಲ. ಆದರೆ ಬಾವಿಯ ಹತ್ತಿರ ಒಂದು ಸಸಿ, ಮಸೀದಿಗೆ ಹೋಗುವ ದಾರಿಯಲ್ಲಿ ನಾಲ್ಕಾರು, ನೆರೆಯವರ ಬಸಳೆ ಚಪ್ಪರದ ಬುಡದಲ್ಲಿ, ದೋಣಿ ಎಳೆದಿಡುವ ಜಾಗದಲ್ಲಿ, ಎಲ್ಲೆಲ್ಲಿ ಆಡು ಓಡಾಡಿತ್ತೋ ಅಲ್ಲೆಲ್ಲ ಸಣ್ಣ ಸಣ್ಣ ಎಲೆಯ ಸಸಿಗಳು ಎದ್ದವು. ಆಸ್ಯಾಳಿಗೆ ಖುಷಿಯೋ ಖುಷಿ.

ನೆರೆಮನೆಯ ವೆರೊನಿಕಾ ಟೀಚರ್ ಬಸಳೆ ಕೊಯ್ಯಲು ಬಗ್ಗಿದವರು ಆ ಸಸಿಯನ್ನು ನೋಡಿ ಹಾಗೇ ನಿಂತರು. ಅವರು ಬಹಳ ವರ್ಷ ರಾಯಚೂರಿನ ಕಡೆ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿಯಾಗಿ ಊರಿಗೆ ಬಂದವರು.

"ಆಸ್ಯಾ, ಇದು ಬಳ್ಳಾರಿ ಜಾಲಿ ಅಲ್ವಾ? ಇಲ್ಲಿಗೆ ಹೇಗೆ ಬಂತು?"

ಆಸ್ಯಾ ಚೀಲದ ಕಥೆ, ಆಡಿನ ಕಥೆ ಎಲ್ಲ ಹೇಳಿದಳು. ಟೀಚರ್ ಮೊದಲು ನಕ್ಕರು. "ಆ ಬೀಜದ ಸಿಪ್ಪೆ ಕಲ್ಲಿನ ಹಾಗೆ ಗಟ್ಟಿ. ಆಡಿನ ಹೊಟ್ಟೆಗೆ ಹೋಗಿ ಮೆತ್ತಗಾಗಿ ಹೊರಗೆ ಬಂದರೆ ಗೊಬ್ಬರದ ಸಮೇತ ಬಿತ್ತಿದ ಹಾಗೆ!" ಆಮೇಲೆ ಮೆಲ್ಲಗೆ ಹೇಳಿದರು, "ಸಣ್ಣದಿರುವಾಗಲೇ ಕಿತ್ತುಬಿಡು."

"ಯಾಕೆ ಟೀಚರ್? ನೀರಿಲ್ಲದೆ ಬದುಕುವ ಮರವಂತೆ. ಕೆಟ್ಟದ್ದಾ?"

"ಮರವನ್ನು ನಾನು ಬೈಯುವುದಿಲ್ಲ ಮಾರಾಯ್ತಿ. ರಾಯಚೂರಿನಲ್ಲಿ ಮಳೆ ಕೈಕೊಟ್ಟ ವರ್ಷವೂ ಅದೊಂದು ಹಸಿರಾಗಿರುತ್ತದೆ. ಎಷ್ಟೋ ಬಡವರ ಒಲೆ ಉರಿಯುವುದು ಅದರ ಕಟ್ಟಿಗೆಯಿಂದ. ಆದರೆ ನಿಲ್ಲಿಸುವವರಿಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಕೆರೆಯ ಅಂಗಳಕ್ಕೆ ನುಗ್ಗುತ್ತದೆ, ಹೊಲಕ್ಕೆ ನುಗ್ಗುತ್ತದೆ. ಕಡಿದರೆ ಬುಡದಿಂದ ಹತ್ತು ಕೊಂಬೆ ಏಳುತ್ತದೆ. ಮುಳ್ಳು ಎಂತದು ಗೊತ್ತುಂಟಾ? ಚಪ್ಪಲಿ ದಾಟಿ ಕಾಲಿಗೆ ಬರುತ್ತದೆ. ನಮ್ಮ ಕಡಲ ಬದಿಯವರು ಬರಿಗಾಲಿನವರು."

ಅಷ್ಟು ದೂರದಿಂದ ಪ್ರೀತಿಯಲ್ಲಿ ತಂದದ್ದನ್ನು ಕಿತ್ತು ಬಿಸಾಡುವುದು ಹೇಗೆ? ಮುಂದಿನ ರಜೆಯಲ್ಲಿ ಬಂದು ಕೇಳಿದರೆ ಎಂತ ಹೇಳುವುದು? ಆಸ್ಯಾ ಸಸಿಯ ಎಲೆಯನ್ನು ಬೆರಳಿನಿಂದ ಸವರಿದಳು. ಎಷ್ಟು ಮೆತ್ತಗೆ ಉಂಟು! ಟೀಚರಿಗೆ ಸುಮ್ಮನೆ ಹೆದರಿಕೆ ಎಂದುಕೊಂಡಳು.

ಮಳೆ ಇಳಿಯುವಷ್ಟರಲ್ಲಿ ಸಸಿಗಳು ಮೊಣಕಾಲಿನ ಎತ್ತರಕ್ಕೆ ಬಂದು ಮುಳ್ಳು ಬಿಟ್ಟವು.

ಅಕ್ಟೋಬರಿನ ಒಂದು ಬೆಳಿಗ್ಗೆ ಕಡಲ ಬದಿಯಲ್ಲಿ ಕೂಗು ಕೇಳಿತು. ಬಂಗುಡೆ ಮೀನಿನ ಹಿಂಡು ದಡಕ್ಕೆ ಬಂದಿತ್ತು. ದಡದಿಂದ ಎಳೆಯುವ ಕೈರಂಪಣಿಯ ಬಲೆ ಬೀಸಿ, ಊರಿನ ಗಂಡಸರೆಲ್ಲ ಎರಡು ಸಾಲಾಗಿ ಹಗ್ಗ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಎಳೆಯುತ್ತಿದ್ದರು. ಒಂದು ಸಾಲಿನ ಕೊನೆಯಲ್ಲಿ ಕೇರಿಯ ಮೀನುಗಾರ ಚೆನ್ನಪ್ಪ. ಹಿಂದೆ ನೋಡದೆ ಇಟ್ಟ ಹೆಜ್ಜೆ ನೇರವಾಗಿ ಜಾಲಿಯ ಮೇಲೆ ಬಿತ್ತು. "ಅಯ್ಯಯ್ಯೋ!" ಎಂದು ಅವನು ಕೂತ. ಅವನ ಮೇಲೆ ಮುಂದಿನವನು, ಅವನ ಮೇಲೆ ಮತ್ತೊಬ್ಬ. ಹಗ್ಗ ಸಡಿಲವಾಯಿತು, ಬಲೆ ಬಾಯಿ ಬಿಟ್ಟಿತು. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಬಂಗುಡೆ ಎಲ್ಲರ ಕಣ್ಣೆದುರಿಗೇ ಕಡಲಿಗೆ ತಿರುಗಿ ಹೋಯಿತು. ಆ ದಿನ ಹೂಡೆಯಲ್ಲಿ ಹೆಚ್ಚಿನ ಮನೆಯಲ್ಲಿ ಮೀನಿನ ಸಾರಿಲ್ಲ.

ಸಂಜೆ ಚೆನ್ನಪ್ಪ ಕುಂಟುತ್ತಾ ಆಸ್ಯಾಳ ಅಂಗಳಕ್ಕೆ ಬಂದ. ಪಾದ ಊದಿ ಕುಂಬಳಕಾಯಿಯಾಗಿತ್ತು. ಆಸ್ಯಾ ಬಾಗಿಲ ಮರೆಗೆ ಸರಿದಳು. ಆದರೆ ಅವನು ಜಗಳಕ್ಕೆ ಬಂದವನಲ್ಲ.

"ಆಸ್ಯಾ, ನಿನ್ನ ಗಂಡನ ಮರ ಎಲ್ಲ ಬಿಟ್ಟು ನನ್ನ ಕಾಲಿನಲ್ಲಿ ಬೇರು ಬಿಟ್ಟಿದೆ. ದಿನಾ ನೀರು ಹಾಕಬೇಕಾ?"

ನಫೀಸಮ್ಮ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರು. ಆಸ್ಯಾಳಿಗೆ ಮಾತ್ರ ಕಣ್ಣು ತುಂಬಿತು. ಬಿಸಿನೀರು ತಂದು ಅವನ ಕಾಲು ತೊಳೆಸಿ, ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಲು ಹೇಳಿದಳು. ಆಮೇಲೆ ಸೀದಾ ಬೇಲಿಯ ಹತ್ತಿರ ಹೋಗಿ ಕರೆದಳು, "ಟೀಚರ್, ನಾಳೆ ಹಾರೆ ತೆಗೆದುಕೊಂಡು ಬರ್ತೀರಾ?"

ಮರುದಿನ ಟೀಚರ್ ಒಬ್ಬರೇ ಅಲ್ಲ, ಕೇರಿಯೇ ಬಂತು. ರಾತ್ರಿ ಒಂದು ಮಳೆ ಬಂದು ನೆಲ ಮೆತ್ತಗಿತ್ತು. "ಕಡಿಯಬೇಡಿ, ಬೇರು ಸಮೇತ ತೆಗೆಯಿರಿ. ಚಪ್ಪಲಿ ಹಾಕಿಕೊಳ್ಳಿ" ಎಂದು ಟೀಚರ್ ಶಾಲೆಯ ಧ್ವನಿಯಲ್ಲೇ ಹೇಳಿದರು. ಹೆಂಗಸರು ಅಗೆದರು, ಗಂಡಸರು ಎಳೆದರು. ಕಿತ್ತದ್ದನ್ನು ರಾಶಿ ಹಾಕಿ ಒಣಗಿಸಿ ಸುಟ್ಟರು. ಚೆನ್ನಪ್ಪ ಬ್ಯಾಂಡೇಜು ಕಟ್ಟಿದ ಕಾಲನ್ನು ಕಲ್ಲಿನ ಮೇಲಿಟ್ಟು ಕೂತು, "ಅಗೋ ಅಲ್ಲೊಂದು, ಇಗೋ ಇಲ್ಲೊಂದು" ಎಂದು ಮೇಸ್ತ್ರಿಯಾದ. ಆಸ್ಯಾ ಎಲ್ಲರಿಗೂ ಚಹಾ ಕೊಟ್ಟಳು.

"ಹಾಗಾದರೆ ಮರಳಿಗೆ ಎಂತ ಮಾಡುವುದು ಟೀಚರ್?"

"ಮರವೇ ನೆಡುವುದು. ಆದರೆ ನಮ್ಮ ನೆಲಕ್ಕೆ ಹೊಂದುವುದನ್ನು. ಕಡಲಿಗೆ ಹತ್ತಿರ, ಕಡುಬಿನ ಮೂಡೆ ಕಟ್ಟುವ ಮುಂಡೇವು, ಕೇದಗೆಯ ಜಾತಿಯದ್ದು. ಅದು ಮರಳನ್ನು ಹಿಡಿಯುತ್ತದೆ. ಅದರ ಹಿಂದೆ ಗಾಳಿಮರ. ಮನೆಯ ಬದಿಗೆ ಹೊನ್ನೆ. ಗಾಳಿಮರ ಕೂಡ ಹೊರಗಿನಿಂದ ಬಂದದ್ದೇ, ಆದರೆ ನಮ್ಮ ಹಿರಿಯರು ನೆಟ್ಟು ನೋಡಿದ್ದಾರೆ, ಮುಳ್ಳಿಲ್ಲ."

ಮುಂದಿನ ಮಳೆಯ ಆರಂಭಕ್ಕೆ ಆಸ್ಯಾ ಮತ್ತು ಟೀಚರ್ ಅರಣ್ಯ ಇಲಾಖೆಯ ಸಸಿತೋಟಕ್ಕೆ ಹೋಗಿ, ಸಸಿಗಳನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬಂದರು. "ಇವತ್ತು ನನ್ನ ಬಸ್ಸಿಗೇ ತಲೆಕೂದಲು ಬಂತು!" ಎಂದ ಕಂಡಕ್ಟರ್. ಊರವರು ಸಾಲು ಹಿಡಿದು ನೆಟ್ಟರು. ಬೇಸಿಗೆಯಲ್ಲಿ ತೆಂಗಿನ ಮಡಲಿನ ಮರೆ ಕಟ್ಟಿ, ಸಂಜೆ ಸಂಜೆ ಕೊಡದಲ್ಲಿ ನೀರು ಹಾಕಿದರು. ಆಡಿಗೆ ಹಗ್ಗ ಬಿತ್ತು. ಅದು ದಿನವಿಡೀ ಕೂಗಿ ಪ್ರತಿಭಟನೆ ಮಾಡಿತು, ಯಾರೂ ಕೇಳಲಿಲ್ಲ.

ಗಂಡನಿಗೆ ವಿಷಯ ತಿಳಿಸಬೇಕಲ್ಲ? ಆಸ್ಯಾ ಟೇಪ್ ರೆಕಾರ್ಡರ್ ಎದುರು ಕೂತು ಕೆಂಪು ಗುಂಡಿ ಒತ್ತಿದಳು. "ನೀವು ತಂದ ಮರವನ್ನು ಕಿತ್ತೆವು. ನಿಮ್ಮ ಮೇಲಿನ ಕೋಪದಿಂದ ಅಲ್ಲ..." ಎಂದಳು. ಅಷ್ಟರಲ್ಲಿ ಜಗಲಿಯಲ್ಲಿ ಕೂತಿದ್ದ ಚೆನ್ನಪ್ಪ ಬಗ್ಗಿ, "ಶೇಕಬ್ಬ, ನನ್ನ ಕಾಲು ಗುಣವಾಗಿದೆ ಮಾರಾಯ, ಮುಂದಿನ ಸಲ ಬೀಜ ಬೇಡ, ಖರ್ಜೂರ ತಾ!" ಎಂದ. ಕ್ಯಾಸೆಟಿನ ಉಳಿದದ್ದೆಲ್ಲ ನಗುವೇ. ಅದನ್ನೇ ಗಲ್ಫಿಗೆ ಹೋಗುವವರ ಕೈಯಲ್ಲಿ ಕಳಿಸಿದಳು.

ಎಂಬತ್ತಾರರ ಮೇ ಕೊನೆಗೆ ಶೇಕಬ್ಬ ಮತ್ತೆ ರಜೆಯಲ್ಲಿ ಬಂದ. ಟ್ಯಾಕ್ಸಿಯಿಂದ ಇಳಿದವನು ತನ್ನ ಮನೆ ಕಾಣದೆ ಒಂದು ಗಳಿಗೆ ಗಾಬರಿಯಾದ. ಎದುರಿಗೆ ತಲೆಗಿಂತ ಎತ್ತರದ ಗಾಳಿಮರಗಳ ಸಾಲು ಸುಯ್ ಎನ್ನುತ್ತಿತ್ತು. ಅದರ ಮರೆಯಲ್ಲಿ ಹೆಂಗಸರು ಮೀನು ಒಣಗಿಸುತ್ತಿದ್ದರು, ಚೆನ್ನಪ್ಪನ ಜೊತೆಯವರು ಬಲೆ ಹೆಣೆಯುತ್ತಿದ್ದರು.

"ಆಸ್ಯಾ, ಇದೆಲ್ಲ ನೀನು ಮಾಡಿಸಿದ್ದಾ?"

"ನಾವೆಲ್ಲ ಮಾಡಿದ್ದು. ನಿಮಗೆ ಬೇಜಾರಾಯಿತಾ?"

"ಬೇಜಾರು ಎಂತಕ್ಕೆ? ನನಗೆ ಬೇಕಿದ್ದದ್ದು ನಿನಗೆ ನೆರಳು. ಯಾವ ಮರದ್ದಾದರೆ ಎಂತ?"

ಆ ರಜೆಯಲ್ಲಿ ಅವನು ಮಾಡಿದ ಮೊದಲ ಕೆಲಸ, ಹೆಂಡತಿಯನ್ನು ಕರೆದುಕೊಂಡು ಸಸಿತೋಟಕ್ಕೆ ಹೋದದ್ದು. ಮಸೀದಿಯ ದಾರಿಗೂ ಶಾಲೆಯ ಬದಿಗೂ ಹೊನ್ನೆಯ ಸಸಿ ತಂದು, ಮೊದಲ ಮಳೆಗೇ ತನ್ನ ಕೈಯಿಂದಲೇ ಗುಂಡಿ ತೆಗೆದು ನೆಟ್ಟ. ಬದಿಯಲ್ಲಿ ನಿಂತ ನಫೀಸಮ್ಮ ಕೊಡೆ ಹಿಡಿದರು.

ಕೇಳಿದಿರಲ್ಲ ಅಕ್ಕಂದಿರೇ, ಅಣ್ಣಂದಿರೇ. ಬರದ ನಾಡಿನ ಮರ ಬರದ ನಾಡಿಗೆ ಆಸರೆಯಾಗಿರಬಹುದು. ಹಾಗೆಂದು ಎಲ್ಲ ಕಡೆಗೂ ಅದು ಬೇಕೆಂದಿಲ್ಲ. ದೂರದಿಂದ ಬೀಜ ತರುವ ಮೊದಲು ಗೊತ್ತಿದ್ದವರನ್ನು ಒಂದು ಮಾತು ಕೇಳಿ. ನಿಮ್ಮ ದಾರಿ ಬದಿಯಲ್ಲಿ ಮುಳ್ಳುಜಾಲಿ ಕಂಡರೆ ಸಣ್ಣದಿರುವಾಗಲೇ, ಮಣ್ಣು ಒದ್ದೆಯಿರುವಾಗಲೇ ಬೇರು ಸಮೇತ ತೆಗೆಯಿರಿ. ತೆಗೆದು ಸುಮ್ಮನೆ ಕೂರಬೇಡಿ. ಈ ಸಲ ಮೊದಲ ಮಳೆ ಬಿದ್ದ ವಾರವೇ ನೆರೆಯವರನ್ನು ಕರೆದುಕೊಂಡು ಹೋಗಿ, ನಿಮ್ಮ ಮಣ್ಣಿಗೆ ಒಗ್ಗುವ ಸಸಿ ತಂದು ನೆಡಿ. ಒಂದು ಬೇಸಿಗೆ ನೀರು ಹಾಕಿ ಕಾಪಾಡಿ. ಆಮೇಲೆ ಅದು ನಿಮ್ಮನ್ನು ಕಾಪಾಡುತ್ತದೆ.