ರೆಪ್ಪೆ ಬಡಿಯದ ಚಾಂಪಿಯನ್

ಬಾಕ್ಸಿಂಗಿನಲ್ಲಿ ಒಂದೇ ಕಾಲಕ್ಕೆ ಇಬ್ಬರು ಹೆವಿವೇಟ್ ಚಾಂಪಿಯನ್ನರು. ಲೋಕದಲ್ಲಿರುವ ಬೆಲ್ಟುಗಳಲ್ಲಿ ಅರ್ಧ ಇವನ ಸೊಂಟದಲ್ಲಿ, ಉಳಿದರ್ಧ ಅವನ ಸೊಂಟದಲ್ಲಿ. ಪೇಪರಿನವರು ಇವನಿಗೆ ಸುತ್ತಿಗೆ ಎಂದು ಹೆಸರಿಟ್ಟರು, ಅವನಿಗೆ ಬಂಡೆ ಎಂದು. ಅಷ್ಟು ಸಾಕಾಯಿತು. ಸುತ್ತಿಗೆ ಬಂಡೆಯನ್ನು ಒಡೆಯುತ್ತದೋ, ಬಂಡೆಗೆ ಬಡಿದು ಸುತ್ತಿಗೆಯ ಹಿಡಿಯೇ ಕಳಚುತ್ತದೋ ಎಂದು ಎರಡು ವರ್ಷದಿಂದ ಜನ ಹಲ್ಲುಜ್ಜುವ ಮೊದಲೇ ವಾದಕ್ಕೆ ಕೂರುತ್ತಿದ್ದರು. ಪಂದ್ಯ ಮಾತ್ರ ನಡೆಯುತ್ತಿರಲಿಲ್ಲ. ಬಂಡೆಯ ಕಡೆಯವರು ಒಮ್ಮೆ ಭುಜ ನೋವೆಂದರು, ಒಮ್ಮೆ ಊರು ಸರಿಯಿಲ್ಲವೆಂದರು, ಕೊನೆಗೆ ರಿಂಗಿನ ಹಗ್ಗ ಸಡಿಲವಿರುತ್ತದೆ ಎಂದೂ ತಗಾದೆ ತೆಗೆದರು. ಮೀನಮೇಷ ಎಣಿಸುವುದರಲ್ಲಿ ಅವರದು ಎತ್ತಿದ ಕೈ. ಬಾಯಿಗೆ ಮಾತ್ರ ಬಿಡುವಿರಲಿಲ್ಲ.

"ಅವನ ಏಟಿಗೆ ನಮ್ಮಜ್ಜಿ ನಿದ್ದೆಯಿಂದಾನೂ ಏಳಲ್ಲ" ಎಂದು ಬಂಡೆ ಟಿವಿಯಲ್ಲಿ ಹೇಳಿದ.

"ಹಾಗಾದ್ರೆ ಅಜ್ಜೀನೇ ಕಳಿಸಪ್ಪ, ಅವರಾದ್ರೂ ಬರ್ತಾರೇನೋ" ಎಂದು ಸುತ್ತಿಗೆ ಇನ್ನೊಂದು ಟಿವಿಯಲ್ಲಿ ಹೇಳಿದ.

ಸುತ್ತಿಗೆಯ ಕೋಚ್ ಅವನ ಸೋದರಮಾವ. ಮಾವನೂ ಒಂದು ಕಾಲದಲ್ಲಿ ರಿಂಗಿಗೆ ಇಳಿದವನೇ. ಆದರೆ ಗೆದ್ದದ್ದಕ್ಕಿಂತ ಮೂಗು ಮುರಿಸಿಕೊಂಡದ್ದೇ ಹೆಚ್ಚು. ಬೀದಿಯ ಮಕ್ಕಳನ್ನೆಲ್ಲ ಚಚ್ಚಿ ಬರುತ್ತಿದ್ದ ಮಗನನ್ನು ಅಕ್ಕ ಒಂದು ದಿನ ರಟ್ಟೆ ಹಿಡಿದು ತಂದು, "ಹೊಡೆದಾಡೋದೇ ಇವನ ಹಣೇಲಿ ಬರೆದಿದ್ರೆ ನಿನ್ನ ಕಣ್ಮುಂದೆ ಹೊಡೆದಾಡ್ಲಿ, ಏನಾದ್ರೂ ಆದ್ರೆ ನಿನ್ನನ್ನೇ ಕೇಳ್ತೀನಿ" ಎಂದು ಬಿಟ್ಟುಹೋಗಿದ್ದಳು. ಬಾಗಿಲಿಗೆ ತಲೆ ತಗ್ಗಿಸಿ ಒಳಬರುವ ಆ ಆಳನ್ನು ಮಾವ ಇವತ್ತಿಗೂ ಮರಿ ಎಂದೇ ಕರೆಯುತ್ತಿದ್ದ. ಬಂಡೆಯ ಜೊತೆಗಿನ ಪಂದ್ಯ ಮರಿಗಿಂತ ಮಾವನಿಗೇ ಹೆಚ್ಚು ಬೇಕಾಗಿತ್ತು. ತನ್ನ ಕೈಯಲ್ಲಿ ಬೆಳೆದವನು ಎಲ್ಲ ಬೆಲ್ಟುಗಳನ್ನೂ ಗೆದ್ದದ್ದನ್ನು ನೋಡಿ ಮನೆಗೆ ಹೋಗಿ ಕಾಲು ಚಾಚಿ ಕೂರಬೇಕು, ಅಷ್ಟೇ ಅವನ ಆಸೆ.

ಪಂದ್ಯ ನಿಗದಿಯಾಗದಿದ್ದರೂ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ದಿಟ್ಟಿಸಿ ನೋಡಿಸುವ ಶಾಸ್ತ್ರ ಮಾತ್ರ ಆಗಾಗ ನಡೆಯುತ್ತಿತ್ತು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲಬೇಕು, ಮೊದಲು ಕಣ್ಣು ತಪ್ಪಿಸಿದವನು ಹೇಡಿ ಎಂದು ಲೆಕ್ಕ. ಆ ಸಲ ದೊಡ್ಡ ಹೋಟೆಲೊಂದರ ಹಾಲಿನಲ್ಲಿ ಕ್ಯಾಮರಾಗಳ ಮುಂದೆ ನಿಂತಿದ್ದಾಗ ಬಂಡೆ ಇದ್ದಕ್ಕಿದ್ದಂತೆ ಬಲಗೈ ಬೀಸಿದ. ಹೊಡೆಯಲಿಲ್ಲ. ಅಂಗೈ ಪಕ್ಕದಿಂದ ರೊಯ್ಯನೆ ಬಂದು ಸುತ್ತಿಗೆಯ ಎಡ ಕಪಾಳದ ಹತ್ತಿರ ಗಕ್ಕನೆ ನಿಂತಿತು. ಸುತ್ತಿಗೆಯ ರೆಪ್ಪೆ ಅಲುಗಲಿಲ್ಲ.

ಹಾಲಿಗೆ ಹಾಲೇ ಹುಚ್ಚೆದ್ದಿತು. ಸಂಜೆಯ ಹೊತ್ತಿಗೆ ಆ ದೃಶ್ಯವನ್ನು ನಿಧಾನಗತಿಯಲ್ಲಿ ತೋರಿಸದ ಚಾನೆಲ್ಲೇ ಇಲ್ಲ. ಒಬ್ಬ ಪಂಡಿತ ಇದು ಧ್ಯಾನದ ಬಲ ಎಂದ, ಇನ್ನೊಬ್ಬ ರಕ್ತದಲ್ಲೇ ಬಂದದ್ದು ಎಂದ. ಕಾಗಕ್ಕ ಗುಬ್ಬಕ್ಕನ ಕಥೆಗೆ ಎಲ್ಲೂ ಬರವಿಲ್ಲ ನೋಡಿ! ಮಾವ ಮಾತ್ರ ಟಿವಿಯ ಮುಂದೆ ಕಾಫಿ ಲೋಟ ಹಿಡಿದು ಹಾಗೇ ಕುಳಿತುಬಿಟ್ಟ. ಎಷ್ಟೇ ಪಳಗಿದ ಬಾಕ್ಸರ್ ಆಗಲಿ, ಕಣ್ಣಿನ ಪಕ್ಕಕ್ಕೆ ಕೈ ಬಂದರೆ ರೆಪ್ಪೆ ಒಂದಿಷ್ಟಾದರೂ ಅದುರಲೇಬೇಕು. ಅದು ಧೈರ್ಯದ ಕೈಯಲ್ಲಿಲ್ಲ. ಕೈ ಬಂದದ್ದೇ ಕಾಣದಿದ್ದರೆ ಮಾತ್ರ ಅದುರುವುದಿಲ್ಲ.

ಮಾರನೆಯ ಬೆಳಿಗ್ಗೆ ಜಿಮ್ಮಿನಲ್ಲಿ ಮರಿ ಬೆಂಚಿನ ಮೇಲೆ ಕುಳಿತು ಬೂಟಿನ ದಾರ ಬಿಗಿಯುತ್ತಿದ್ದ. ಮಾವ ಅವನ ಬಲಗಡೆಯಿಂದ ಟವೆಲನ್ನು ಉಂಡೆ ಮಾಡಿ ಎಸೆದ. ಮರಿ ತಲೆಯೆತ್ತದೆ ಅದನ್ನು ಗಾಳಿಯಲ್ಲೇ ಹಿಡಿದ. ಎಡಗಡೆಯಿಂದ ಎಸೆದ ಟವೆಲು ಸೀದಾ ಕೆನ್ನೆಗೆ ಬಡಿದು ಕೆಳಗೆ ಬಿತ್ತು.

"ಯಾವತ್ತಿಂದ?" ಎಂದು ಮಾವ ಕೇಳಿದ.

ಮರಿ ಬಗ್ಗಿ ಟವೆಲನ್ನು ಎತ್ತಿಕೊಂಡ. "ಹೋದ ಪಂದ್ಯದಲ್ಲಿ ಆ ಏಟು ಬಿತ್ತಲ್ಲ, ಆವತ್ತಿಂದ. ಮೊದಮೊದಲು ಸೊಳ್ಳೆ ಹಾರಿದ ಹಾಗೆ ಕಾಣ್ತಿತ್ತು. ಆಮೇಲೆ ಯಾರೋ ಪರದೆ ಎಳೆದ ಹಾಗಾಯ್ತು."

"ಡಾಕ್ಟರ ಪರೀಕ್ಷೆ ಇರುತ್ತಲ್ಲೋ?"

"ಗೋಡೆ ಮೇಲಿನ ಬೋರ್ಡಿನ ಅಕ್ಷರ ಎಲ್ಲಾ ಬಾಯಿಪಾಠ ಮಾಡಿದೀನಿ ಮಾಮ. ಮೇಲಿಂದ ಬೇಕಾದ್ರೂ ಹೇಳ್ತೀನಿ, ಕೆಳಗಿಂದ ಬೇಕಾದ್ರೂ ಹೇಳ್ತೀನಿ."

ಶಾಲೆಯಲ್ಲಿ ಮೂರರ ಮಗ್ಗಿ ಬಾರದ ಗಂಡು ಇದು! ಮಾವನಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. "ಒಂದೇ ಒಂದು ಪಂದ್ಯ ಮಾಮ. ಇದೊಂದು ಆಗ್ಲಿ, ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ" ಎಂದು ಮರಿ ಗೋಗರೆದ. ಮಾವ ಬೇಡ ಎನ್ನಬೇಕಿತ್ತು, ಅನ್ನಲಿಲ್ಲ. ಆಸೆ ಅವನಿಗೂ ಇತ್ತಲ್ಲ. ಹೇಗಿದ್ದರೂ ಆ ಬಂಡೆ ಒಪ್ಪುವ ಪೈಕಿಯಲ್ಲ, ಈ ಪಂದ್ಯ ನಡೆಯುವುದೂ ಇಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅದೇ ಮಧ್ಯಾಹ್ನ ಬಂಡೆ ಒಪ್ಪಿಬಿಟ್ಟ. ಭುಜ ನೋವಿಲ್ಲ, ಊರಿನ ತಕರಾರಿಲ್ಲ, ಹಗ್ಗ ಹೇಗಿದ್ದರೂ ಅಡ್ಡಿಯಿಲ್ಲ. ವಾರದೊಳಗೆ ಸಹಿ ಹಾಕೋಣ ಎಂದ. ಪೇಪರಿನವರು ಕುಣಿದಾಡಿದರು. ಮರಿಯಂತೂ ನೆಲದ ಮೇಲೆ ನಿಲ್ಲಲಿಲ್ಲ.

"ನೋಡಿದ್ರಾ? ನಾನು ಹೆದರಲ್ಲ ಅಂತ ಜಗತ್ತಿಗೇ ಗೊತ್ತಾಯ್ತು. ಇನ್ನೂ ಓಡಿದ್ರೆ ಜನ ಉಗೀತಾರೆ ಅಂತ ಒಪ್ಪಿದಾನೆ."

"ಅವನ ಕೈ ನಿನ್ನ ಕಣ್ಣಿನ ಪಕ್ಕದಲ್ಲೇ ಇತ್ತು ಕಣೋ. ನನಗೆ ಟಿವಿಯಲ್ಲಿ ಕಂಡದ್ದು ಅವನಿಗೆ ಅಲ್ಲೇ ಕಾಣಲಿಲ್ವಾ? ಇನ್ಮೇಲೆ ಪ್ರತಿ ಏಟೂ ಎಡಗಡೆಯಿಂದ್ಲೇ ಬರುತ್ತೆ. ಇನ್ನೊಂದು ಕಣ್ಣಿಗೂ ಏನಾದ್ರೂ ಆದ್ರೆ ನಿಮ್ಮಮ್ಮನ ಮುಖಾನೂ ಕಾಣಲ್ಲ ನಿನಗೆ."

"ನಿಮಗೆ ನನ್ನ ಮೇಲೆ ನಂಬಿಕೆ ಹೋಗಿದೆ, ಅಷ್ಟೇ" ಎಂದು ಮರಿ ಎದ್ದುಹೋದ. ಅಲ್ಲಿಂದ ಸಹಿಯ ದಿನದವರೆಗೂ ಮಾವನ ಜೊತೆ ಅವನು ಎಷ್ಟು ಬೇಕೋ ಅಷ್ಟೇ ಮಾತಾಡಿದ.

ಸಹಿಯ ದಿನ ಉದ್ದ ಮೇಜಿನ ಹಿಂದೆ ಎಲ್ಲರೂ ಕುಳಿತರು. ಸಂಘಟಕ ಹಲ್ಲು ಕಿರಿಯುತ್ತಾ ಪೆನ್ನು ಮುಂದೆ ಮಾಡಿದ. ಮರಿ ಅದನ್ನು ತೆಗೆದುಕೊಂಡದ್ದೇ ತಡ, ಮಾವ ಮೈಕನ್ನು ತನ್ನ ಕಡೆಗೆ ಎಳೆದುಕೊಂಡ.

"ಇವನಿಗೆ ಎಡಗಣ್ಣು ಕಾಣ್ಸಲ್ಲ. ಪಂದ್ಯ ನಿಲ್ಲಿಸಿ" ಎಂದ.

ಇಡೀ ಹಾಲು ಗೊಳ್ಳೆಂದು ನಕ್ಕಿತು. ಎರಡು ವರ್ಷ ಬರೀ ಬಡಾಯಿ ಕೇಳಿದ ಕಿವಿಗಳವು. ಇದೂ ಒಂದು ಹೊಸ ಬಡಾಯಿ ಎಂದುಕೊಂಡರು. ಮರಿಯೂ ಮೈಕಿಗೆ ಬಾಗಿ, "ಇವನನ್ನ ಮಲಗಿಸೋಕೆ ಒಂದು ಕಣ್ಣೂ ಜಾಸ್ತಿ ಅಂತಿದಾರೆ ನಮ್ಮ ಮಾಮ" ಎಂದ. ಚಪ್ಪಾಳೆಯೋ ಚಪ್ಪಾಳೆ. ಆ ಮಾತನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿದರೆ ಹೇಗೆ ಎಂದು ಸಂಘಟಕ ಪಕ್ಕದವನನ್ನು ಕೇಳುತ್ತಿದ್ದ.

ನಿಜ ಹೇಳಿದರೆ ನಂಬುವವರೇ ಇಲ್ಲ. ಮಾವನಿಗೆ ಬೇರೆ ದಾರಿ ಕಾಣಲಿಲ್ಲ. ಎದ್ದು ಮೇಜಿನ ಆ ತುದಿಗೆ ಹೋಗಿ ಬಂಡೆಯ ಮುಂದೆ ಕೈ ಮುಗಿದು ನಿಂತ. "ನೀನಾದ್ರೂ ಹೇಳಪ್ಪಾ. ಆವತ್ತು ನಿನಗೆ ಗೊತ್ತಾಗ್ಲಿಲ್ವಾ?"

ಏನಾಯಿತೆಂದು ಕೇಳಲು ಮರಿಯೂ ಪೆನ್ನು ಹಿಡಿದುಕೊಂಡೇ ಮಾವನ ಬೆನ್ನ ಹಿಂದೆ ಬಂದಿದ್ದ. ಬಂಡೆ ಅದನ್ನು ಗಮನಿಸಲಿಲ್ಲವೋ, ಗಮನಿಸಿಯೂ ಲೆಕ್ಕಕ್ಕಿಡಲಿಲ್ಲವೋ. ಮೈಕನ್ನು ಅಂಗೈಯಿಂದ ಮುಚ್ಚಿ ತಗ್ಗಿದ ದನಿಯಲ್ಲಿ ಹೇಳಿದ:

"ಗೊತ್ತಾಗದೆ ಏನು ಯಜಮಾನ್ರೇ? ಇಲ್ದಿದ್ರೆ ಇವನ ಜೊತೆ ರಿಂಗಿಗೆ ಇಳಿಯೋಕೆ ನನಗೇನು ತಲೆ ಕೆಟ್ಟಿದ್ಯಾ?"

ಆಮೇಲೆ ಕೈ ತೆಗೆದು, "ಇನ್ನೊಂದು ಕಣ್ಣನ್ನೂ ನಾನೇ ಮುಚ್ತೀನಿ!" ಎಂದು ಅಬ್ಬರಿಸಿದ. ಹಾಲು ಎದ್ದು ನಿಂತಿತು.

ಮರಿ ಪೆನ್ನನ್ನು ಬಂಡೆಯ ಮುಂದೆ ಮೇಜಿನ ಮೇಲಿಟ್ಟ. ಯಾರ ಮುಖವನ್ನೂ ನೋಡದೆ ಪಕ್ಕದ ಬಾಗಿಲಿನಿಂದ ಹೊರಗೆ ನಡೆದ. ಸಂಘಟಕ ಅವನ ಹೆಸರು ಹಿಡಿದು ಕೂಗುತ್ತಲೇ ಇದ್ದ. "ಓಡಿದ, ಓಡಿದ! ಸುತ್ತಿಗೆ ಓಡಿದ!" ಎಂದು ಯಾರೋ ಶುರು ಮಾಡಿದರು, ಹಾಲಿನ ಅರ್ಧ ಜನ ಸೇರಿಕೊಂಡರು.

ಮಾವ ಏದುಸಿರು ಬಿಡುತ್ತಾ ಹಿಂದೆ ಬಂದಾಗ ಮರಿ ಕಾರಿಡಾರಿನ ಗೋಡೆಗೆ ಒರಗಿ ನಿಂತಿದ್ದ. ಗಲಾಟೆ ಅಲ್ಲಿಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಬೈಯುತ್ತಾನೆ, ಇಲ್ಲವೇ ಕೈಯೇ ಎತ್ತುತ್ತಾನೆ ಎಂದುಕೊಂಡು ಮಾವ ಸ್ವಲ್ಪ ದೂರದಲ್ಲೇ ನಿಂತ.

"ಮಾಮ, ಎರಡು ಕಣ್ಣೂ ನೆಟ್ಟಗಿದ್ದಾಗ ನನ್ನ ಹತ್ರ ಬರೋಕೆ ಅವನಿಗೆ ಧೈರ್ಯ ಇರ್ಲಿಲ್ಲ, ಅಲ್ವಾ?"

"ಇರ್ಲಿಲ್ಲ ಮರಿ."

"ಅಷ್ಟು ದಿನವೂ?"

"ಅಷ್ಟು ದಿನವೂ ಇರ್ಲಿಲ್ಲ."

ಮರಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಒಳಗಿನ ಕೂಗಿಗೆ ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಿದ್ದು, "ಅಷ್ಟು ಸಾಕು ಬಿಡಿ. ಈಗ್ಲೇ ಡಾಕ್ಟರ ಹತ್ರ ಹೋಗೋಣ ನಡೀರಿ" ಎಂದ.