ಸಂಜೆ ಎಂಬ ಪದ

"ಆ ಕುರ್ಚಿ ಈ ಕಡೆ ಹಾಕು, ಬಾಗಿಲಿಗೆ ಅಡ್ಡ ಆಗ್ತಿದೆ," ಎಂದರು ಚಿಕ್ಕಪ್ಪ.

ಪಕ್ಕದ ಮನೆಯಿಂದ ಹೊತ್ತುತಂದ ಎಂಟನೆಯ ಕುರ್ಚಿಯನ್ನು ಮಗಳು ಗೋಡೆಗೆ ಸರಿಸಿದಳು. ನಡುಮನೆಯಲ್ಲಿ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದಳು. ಈಗ ಮೆಟ್ಟಿಲ ಮೇಲೂ ಜನ.

"ಇವರೆಲ್ಲ ಯಾರು ಚಿಕ್ಕಪ್ಪ?"

"ನನಗೇನು ಗೊತ್ತು? ಹುಡುಕಪ್ಪನ ಮನೆ ಇದೇನಾ ಅಂತ ಕೇಳ್ಕೊಂಡು ಬರ್ತಿದಾರೆ."

ಅದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿದ್ಯಾರ್ಥಿಗಳು ಅಪ್ಪನಿಗೆ ಇಟ್ಟ ಹೆಸರು. ದೇಶದೇಶಗಳ ಸಂಶೋಧನಾ ಲೇಖನಗಳನ್ನು ಕೂಡಿಟ್ಟ ಆನ್‌ಲೈನ್ ಭಂಡಾರಗಳಲ್ಲಿ ಬೇಕಾದ್ದನ್ನು ಹುಡುಕಿಕೊಡುವುದು ಅಪ್ಪನ ಕೆಲಸ. ಮನೆಯಲ್ಲಿ ಮಾತ್ರ ಹಣೆ ಮೇಲಿನ ಕನ್ನಡಕಕ್ಕೂ ಮಗಳನ್ನೇ ಕೂಗುತ್ತಿದ್ದರು. ಬಟನ್ ಒತ್ತೋ ಕೆಲಸ ಎಂದು ಅವಳು ಒಮ್ಮೆ ಎದುರಿಗೇ ಅಂದಿದ್ದಳು. "ಹೌದು ಕಣೇ, ಒತ್ತೋದು ನಾನೇ," ಎಂದು ನಕ್ಕಿದ್ದರು.

ಅಪ್ಪನ ಕಾಲ ಬಳಿ ಬಹಳ ಹೊತ್ತು ನಿಂತಿದ್ದ ಹೆಂಗಸೊಬ್ಬಳು ಬಂದು ಮಗಳ ಪಕ್ಕದಲ್ಲಿ ಕೂತಳು.

"ನಾನು ಬಟ್ಟೆ ಹೊಲಿಯೋಳಮ್ಮ. ಹನ್ನೊಂದು ವರ್ಷದ ಹಿಂದೆ ನಿಮ್ಮಪ್ಪನ ಹತ್ರ ಹೋಗಿದ್ದೆ."

*

ಬಟ್ಟೆ ಹೊಲಿಸಲು ಬಂದ ವಿದ್ಯಾರ್ಥಿನಿಯೊಬ್ಬಳು ಅಪ್ಪನ ಬಗ್ಗೆ ಹೇಳಿ ಕಳಿಸಿದ್ದಳಂತೆ. ಆ ಹೆಂಗಸು ತನ್ನ ಏಳು ವರ್ಷದ ಮಗಳನ್ನು ಎತ್ತಿಕೊಂಡೇ ಗ್ರಂಥಾಲಯಕ್ಕೆ ಬಂದಿದ್ದಳು.

"ಸಂಜೆ ಆಗ್ತಿದ್ದಂಗೆ ಕಾಲು ಸೆಟೆದು ಬಿದ್ದುಬಿಡ್ತಾಳೆ ಸಾರ್. ಡಾಕ್ಟರು ನಾಟಕ ಅಂತಾರೆ."

ಹೊರಗಿನವರಿಗೂ ಅಂತ ಅಲ್ಲೊಂದು ಕಂಪ್ಯೂಟರ್ ಇತ್ತು. ಅಪ್ಪ ಅದರ ಮುಂದೆ ಅವಳನ್ನು ಕೂರಿಸಿಕೊಂಡರು. ಮಗು, ಕಾಲು, ಸೆಟೆತ ಎಂದು ಹಾಕಿದರೆ ಸಾವಿರಾರು ಲೇಖನ ಬಂದವು. ನಾಲ್ಕು ದಿನ ಜಾಲಾಡಿದರು. ಐದನೆಯ ದಿನ ಕೇಳಿದರು:

"ನೀವು ಪ್ರತಿ ಸಲ ಸಂಜೆ ಅಂತಲೇ ಶುರು ಮಾಡ್ತೀರಲ್ಲಮ್ಮ, ಯಾಕೆ?"

"ಬೆಳಿಗ್ಗೆ ಏನೂ ಇರಲ್ಲ ಸಾರ್. ಮಲಗೆದ್ರೆ ಓಡ್ತಾಳೆ."

ಅಪ್ಪ 'ಸಂಜೆ' ಎಂಬ ಪದವನ್ನೂ ಸೇರಿಸಿದರು. ಸಾವಿರಾರು ಇದ್ದದ್ದು ಹದಿನಾಲ್ಕಕ್ಕೆ ಇಳಿಯಿತು. ಒಂಬತ್ತನೆಯದರಲ್ಲಿ, ದೂರದ ಊರಿನ ವೈದ್ಯರೊಬ್ಬರು ಎಂದೋ ಕಂಡ ಹುಡುಗಿಯ ಬಗ್ಗೆ ಬರೆದಿದ್ದರು. ಬೆಳಿಗ್ಗೆ ಓಡುತ್ತಾಳೆ, ಸಂಜೆಗೆ ಬೀಳುತ್ತಾಳೆ; ಒಂದು ಸಣ್ಣ ಮಾತ್ರೆ ಅವಳನ್ನು ನಡೆಸಿತು. ಅಪ್ಪ ಆ ಸಾಲನ್ನು ನಿಧಾನವಾಗಿ ಓದಿಹೇಳಿದರು.

"ಇದು ನನ್ನ ಮಗಳೇ ಸಾರ್."

"ನಾನು ಡಾಕ್ಟರಲ್ಲಮ್ಮ. ಈ ಹಾಳೆ ಅವರ ಕೈಗೆ ಕೊಡಿ. ಓದೋ ತನಕ ಎದ್ದು ಬರಬೇಡಿ."

*

"ಡಾಕ್ಟರು ಓದಿದ್ರಾ?" ಎಂದು ಮಗಳು ಕೇಳಿದಳು.

"ಎರಡು ಸಲ ಓದಿದ್ರು. ಮಾತ್ರೆ ಶುರು ಮಾಡಿದ ಮೂರನೇ ಸಂಜೆ, ನನ್ನ ಅಂಗಡಿಗೆ ತಾನೇ ನಡ್ಕೊಂಡು ಬಂದ್ಲು."

"ಮನೇಲಿ ಒಂದು ಮಾತೂ ಹೇಳಿಲ್ಲ," ಎಂದಳು ಮಗಳು. ಮೆಟ್ಟಿಲ ಮೇಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾರ್ಯಾರು ಏನೇನು ಕೇಳಿಕೊಂಡು ಅಪ್ಪನ ಮುಂದೆ ಕೂತಿದ್ದರೋ. ಬಿಳಿ ಬಟ್ಟೆಯ ಕೆಳಗಿನ ಆ ಪುಟ್ಟ ದೇಹವನ್ನು ಮೊದಲ ಸಲ ಕಂಡವಳಂತೆ ದಿಟ್ಟಿಸಿದಳು.

"ಹೊತ್ತು ಇಳೀತಾ ಇದೆ, ಎತ್ತೋಣ. ಇನ್ನೊಬ್ರು ಬೇಕಲ್ಲ," ಎಂದರು ಚಿಕ್ಕಪ್ಪ.

ಗುಂಪಿನಿಂದ ಹದಿನೆಂಟರ ಎತ್ತರದ ಹುಡುಗಿಯೊಬ್ಬಳು ಬಂದು ಚಟ್ಟದಲ್ಲಿ ಮಗಳ ಎದುರಿನ ಮೂಲೆಗೆ ಹೆಗಲು ಕೊಟ್ಟಳು. ಮಗಳು ತಿರುಗಿ ನೋಡಿದಾಗ ದರ್ಜಿ ಹೆಂಗಸು ಹೌದೆಂಬಂತೆ ತಲೆಯಾಡಿಸಿದಳು. ಕಡಿದಾದ ಮೆಟ್ಟಿಲಲ್ಲಿ ಮಗಳ ಕಾಲು ನಡುಗಿತು. ಹುಡುಗಿ ಒಂದೊಂದೇ ಮೆಟ್ಟಿಲು ಇಳಿಯುತ್ತ, ಭಾರವನ್ನು ತನ್ನ ಹೆಗಲ ಕಡೆ ಎಳೆದುಕೊಂಡಳು.