ಹಾಸಿನ ಹಿಂಬದಿ

ಮೂಗಿಗೇ ತಿಳಿಯುತ್ತದೆ, ಇದು ಸೆಣಬು, ಅದು ತೆಂಗಿನ ನಾರು, ಗೋಡೆಗೆ ಒರಗಿಸಿರುವುದು ಕತ್ತಾಳೆ, ಒದ್ದೆ ಗೋಣಿಚೀಲದ ಈ ವಾಸನೆ ಮೊದಲೆಲ್ಲ ಎಷ್ಟು ಹಿತವಾಗಿತ್ತು, ಈಗ ಬಾಯಲ್ಲಿ ಉಸಿರಾಡುತ್ತಿದ್ದೇನೆ, ಜಯನಗರದ ಇದೇ ಅಂಗಡಿ, ಆರು ತಿಂಗಳ ಹಿಂದೆ ಒಬ್ಬಳೇ ಬಂದು ಇಲ್ಲೇ ನಿಂತು ಏನು ಜಂಭ ಕೊಚ್ಚಿದ್ದೆ, ನಮ್ಮದು ಮಣ್ಣಿನ ಇಟ್ಟಿಗೆ ಮನೆ ಕಣ್ರೀ, ಕೋಣನಕುಂಟೇಲಿ, ಮಳೆನೀರು ಹಿಡೀತೀವಿ, ನೆಲಕ್ಕೆ ರೆಡ್ ಆಕ್ಸೈಡು, ಹಾಸೋದೂ ಕೊಳೆತು ಮಣ್ಣಾಗೋ ಅಂಥದ್ದೇ ಬೇಕು — ಸೇಲ್ಸಿನ ದೇವದಾಸ್ ಪಾಪ ಒಂದೊಂದೇ ಬಿಚ್ಚಿ ಹಾಸಿದ್ದ, ಗೊಬ್ಬರದ ಗುಂಡಿಗೆ ಹಾಕಿದ್ರೆ ಒಂದೇ ವರ್ಷ ಮೇಡಂ, ಮಣ್ಣೇ. ಮಾವನನ್ನು ಮಣ್ಣು ಮಾಡಿ ಇವತ್ತಿಗೆ ಇಪ್ಪತ್ತಮೂರು ದಿನ. ಮಹಾಂತೇಶ್ ಇಲ್ಲಿಂದ ನಾನು ಕೊಂಡೊಯ್ದಿದ್ದ ಆ ಹಾಸನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದಿದ್ದಾನೆ, ಅಪ್ಪನನ್ನು ಬೀಳಿಸಿದ್ದು ಇದೇ ಎಂದು ಈ ಅಂಗಡಿಯವರ ಮುಖದ ಮುಂದೆ ಹಿಡಿಯಬೇಕಂತೆ, ಕನಕಪುರ ರೋಡಿನುದ್ದಕ್ಕೂ ಒಂದೇ ಮಾತು, ಹಿಂದೆ ರಬ್ಬರ್ ಇಲ್ದೆ ಮಾರ್ತಾರಲ್ಲ ಜಯಾ, ಇವರಿಗೆ ಮನುಷ್ಯತ್ವ ಇದೆಯಾ, ನಾನು ಹೂಂ ಎಂದೆ, ಗಂಡ ಹೇಳಿದ್ದಕ್ಕೆಲ್ಲ ಹೂಂ ಎನ್ನುವವಳಲ್ಲ ನಾನು, ಇವತ್ತು ಎಂದೆ.

ಇತ್ತು. ರಬ್ಬರ್ ಇತ್ತು. ಮನೆಗೆ ತಂದು ಮಗುಚಿ ನೋಡಿದರೆ ಹಸಿರು ರಬ್ಬರು, ಮೈಯೆಲ್ಲ ಉರಿದುಹೋಯಿತು, ನೈಸರ್ಗಿಕ ಎಂದು ಚೀಟಿ ಅಂಟಿಸಿ ಈ ಮೋಸವೇ, ಫೋನ್ ಮಾಡಿ ಬೈದರೆ ದೇವದಾಸ್, ಅದು ಸಿಂಥೆಟಿಕ್ಕೇ ಮೇಡಂ, ಸುಳ್ಳು ಹೇಳಲ್ಲ, ಗ್ರಿಪ್ಪಿಗೆ ಅಂತ ಹಾಕಿರೋದು, ದಮ್ಮಯ್ಯ ಕೀಳಬೇಡಿ, ಆಕ್ಸೈಡ್ ನೆಲ ಅಂತೀರಿ, ಜಾರತ್ತೆ, ವಯಸ್ಸಾದೋರು ಇದಾರೆ ಅಂತೀರಿ — ಫೋನು ಕುಕ್ಕಿದೆ. ಮಹಾಂತೇಶ್ ಆ ವಾರ ಮೈಸೂರಿನಲ್ಲಿದ್ದ, ಮೂರು ಮಧ್ಯಾಹ್ನ ತಾರಸಿಯಲ್ಲಿ ಕೂತು ಹ್ಯಾಕ್ಸಾ ಬ್ಲೇಡಿನಲ್ಲಿ ಕೆರೆದೆ, ಉಗುರು ಕಿತ್ತು ಬಂತು, ಮಾವ ಬಾಗಿಲಲ್ಲಿ ನಿಂತು ನಗುತ್ತಿದ್ದರು, ನನ್ನ ಹಲ್‌ಸೆಟ್ಟೂ ಪ್ಲಾಸ್ಟಿಕ್ಕೇ ಕಣಮ್ಮ, ಅದನ್ನೂ ಕೀಳ್ತೀಯಾ? ಹನುಮಂತನಗರದ ಮನೆ ಬಿಟ್ಟು ನಮ್ಮ ಜೊತೆ ಬಂದ ಮನುಷ್ಯ, ಈ ಮನೆಯನ್ನು ನನ್ನಷ್ಟೇ ಇಷ್ಟಪಟ್ಟವರು ಅವರೊಬ್ಬರೇ, ಎರೆಹುಳುಗಳಿಗೆಲ್ಲ ಹೆಸರಿಟ್ಟಿದ್ದರು. ಆ ಬೆಳಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಪೂಜೆಗೆಂದು ಬಂದರು, ಒದ್ದೆ ಎಡಗಾಲು ಹಾಸಿನ ಮೇಲಿಟ್ಟರು, ಹಾಸು ಹೊರಟಿತು, ಒಂದು ಸುಕ್ಕೂ ಇಲ್ಲದೆ, ಸೀದಾ ಗೋಡೆಯವರೆಗೆ, ನಾನು ಒಗ್ಗರಣೆ ಸೌಟು ಹಿಡಿದು ನೋಡುತ್ತಲೇ ಇದ್ದೆ. ಅವತ್ತೇ ಹೇಳಬೇಕಿತ್ತು. ಆಸ್ಪತ್ರೆಯಲ್ಲಿ ಹೇಳೋಣ ಎಂದುಕೊಂಡೆ, ಕ್ರಿಯೆಯೆಲ್ಲ ಮುಗಿಯಲಿ ಎಂದುಕೊಂಡೆ, ಈಗ ಹೇಳಿದರೆ ಮಹಾಂತೇಶ್ ನನ್ನ ಮುಖ ನೋಡುತ್ತಾನಾ, ನೋಡುವುದಿಲ್ಲ, ನಾನಾಗಿದ್ದರೆ ನೋಡುತ್ತಿರಲಿಲ್ಲ.

ಮಹಾಂತೇಶ್ ಕೂಗುತ್ತಿದ್ದಾನೆ, ಅಂಗಡಿ ಯಜಮಾನರು ಅನಂತರಾಮು ಗಲ್ಲಾ ಬಿಟ್ಟು ಎದ್ದು ಬಂದಿದ್ದಾರೆ, ದೇವದಾಸ್ ಹಾಸನ್ನು ಮಗುಚಿ ಹಾಕಿ ಹಿಂಬದಿಯ ಮೇಲೆ ಬೆರಳಾಡಿಸುತ್ತಿದ್ದಾನೆ, ಬ್ಲೇಡಿನ ಗೀರು, ಎದ್ದ ಎಳೆ, ಆ ಮೂಲೆಯಲ್ಲಿ ಬಟಾಣಿ ಕಾಳಿನಷ್ಟು ಹಸಿರು, ಅಯ್ಯೋ ಅದೊಂದು ಉಳಿದುಬಿಟ್ಟಿದೆ, ನನ್ನ ಚಪ್ಪಲಿ ಅದರ ಮೇಲೆ ಹೋಗಿ ನಿಂತಿತು, ಮಹಾಂತೇಶ್ ನೋಡಲಿಲ್ಲ, ದೇವದಾಸ್ ನೋಡಿದ. ಸಾರ್, ಇದನ್ನ ಯಾರೋ ಕಿತ್ತಿದಾರೆ. ಯಾರ್ರೀ ಕೀಳ್ತಾರೆ, ಮನೇಲಿದ್ದಿದ್ದೇ ಮೂರು ಜನ, ಒಬ್ಬರು ಹೋದ್ರಲ್ಲ. ಮೇಡಂ ನೀವೇ ಹೇಳ್ಬಿಡಿ, ಅಂದರು ಅನಂತರಾಮು, ಮನೆಗೆ ಬಂದಾಗ ರಬ್ಬರ್ ಇತ್ತಾ ಇಲ್ವಾ? ದೇವದಾಸ್ ತಲೆಯೆತ್ತಿ ನನ್ನನ್ನೇ ನೋಡುತ್ತಾನೆ, ಫೋನಿನ ಮಾತು ಅವನ ನಾಲಿಗೆಯ ತುದಿಯಲ್ಲಿದೆ, ಹೇಳಪ್ಪ, ನೀನೇ ಹೇಳಿಬಿಡು, ನಿನ್ನ ಬಾಯಿಂದ ಬಂದರೆ ನಾನು ಅತ್ತುಬಿಡುತ್ತೇನೆ, ಎಲ್ಲ ಮುಗಿಯುತ್ತದೆ, ಹೇಳುತ್ತಿಲ್ಲ, ಸಾವಾದ ಮನೆಯ ಹೆಂಗಸೆಂದು ಮರ್ಯಾದೆ, ನನಗೇ ಬಿಟ್ಟಿದ್ದಾನೆ. ಇರಲಿಲ್ಲ, ಎಂದೆ. ಬಂದಾಗ್ಲೇ ಹೀಗಿತ್ತು. ದನಿ ನಡುಗಲೂ ಇಲ್ಲ.

ಅನಂತರಾಮು ದೇವದಾಸನ ಕಡೆ ತಿರುಗಿದರು, ನಾಳೆಯಿಂದ ನೀನು ಬರೋದು ಬೇಡ ಕಣಯ್ಯ. ಸಾರ್, ಇತ್ತು ಸಾರ್, ನಾನೇ ನೋಡಿ ಕೊಟ್ಟಿದ್ದೆ. ಬಾಯ್ಮುಚ್ಚು, ಮೇಡಂಗೆ ಬೇರೆ ತೋರ್ಸು ಮೊದ್ಲು. ಮಹಾಂತೇಶನ ಕೈ ನನ್ನ ಭುಜದ ಮೇಲೆ ಬಂತು, ಬೆಚ್ಚಗೆ, ನೀನು ಅಳ್ಬೇಡ ಜಯಾ, ನಿನ್ ತಪ್ಪೇನಿದೆ ಇದ್ರಲ್ಲಿ, ಅಳುತ್ತಿದ್ದೇನಾ, ಹೌದು. ದೇವದಾಸ್ ಕತ್ತಾಳೆಯ ಹಾಸನ್ನು ತಂದ, ಮುಂಬದಿ ತೋರಿಸಲೇ ಇಲ್ಲ, ಹಿಂಬದಿಯನ್ನು ನನ್ನ ಕಡೆ ತಿರುಗಿಸಿ ಹಿಡಿದ, ರಬ್ಬರ್ ಇದೆ, ನೋಡ್ಕೊಳ್ಳಿ ಮೇಡಂ, ಮುಟ್ಟಿ ನೋಡಿ, ನಾನು ಮುಟ್ಟಲಿಲ್ಲ, ನೆಲಕ್ಕೆ ಹಾಸಿ ಕಾಲಿಂದ ಒತ್ತಿ ತೋರಿಸಿದ, ಕದಲಲ್ಲ, ಗ್ಯಾರಂಟಿ, ಕದಲಲಿಲ್ಲ, ಕದಲಲಿಲ್ಲ ನಿಜ, ಆದರೂ ಹೊರಟಿದೆ, ಒಂದು ಸುಕ್ಕೂ ಇಲ್ಲದೆ, ಗೋಡೆಯ ಕಡೆಗೆ, ಮೇಲೆ ಕಾಲು, ಒದ್ದೆ ಕಾಲು, ಎಡಗಾಲು —